ಗಿನಿಪಿಗ್ ಕಣ್ಣಿಗೆ ತೊಂದರೆಯಾದರೆ: ಯಾವುದು ಮೊದಲು, ಯಾವುದು ಆಮೇಲೆ

"ನಾಲ್ಕು ದಿನದಿಂದ ಡ್ರಾಪ್ಸ್ ಹಾಕ್ತಾ ಇದ್ದೀವಿ, ಕಣ್ಣು ಮೊದಲಿಗಿಂತ ಜಾಸ್ತಿ ಬೆಳ್ಳಗಾಗಿದೆ, ಈಗೇನು ಮಾಡೋದು?" ಗಿನಿಪಿಗ್ ಸಾಕಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಯಾವ ಡ್ರಾಪ್ಸ್ ಅಂತ ತಿರುಗಿ ಕೇಳಿದರೆ, ಮನೆಯಲ್ಲಿ ಯಾರಿಗೋ ಮದ್ರಾಸ್ ಐ ಬಂದಾಗ ತಂದು ಫ್ರಿಜ್ಜಿನಲ್ಲಿ ಇಟ್ಟಿದ್ದ ಬಾಟಲಿ. ಇಲ್ಲವೇ ಮೆಡಿಕಲ್ ಶಾಪಿನವರು "ಇದನ್ನ ಹಾಕಿ ನೋಡಿ" ಅಂತ ಕೊಟ್ಟದ್ದು.

ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಕಣ್ಣಿಗೆ ಏನಾಗಿದೆ ಅಂತ ಗೊತ್ತಾಗುವ ಮೊದಲೇ ಔಷಧಿ ಬಿದ್ದಿರುತ್ತದೆ, ಡಾಕ್ಟರ ಹತ್ತಿರ ಹೋಗುವುದು ಕೊನೆಗೆ. ಇದನ್ನು ತಿರುವಿ ಹಾಕಬೇಕು. ಮೊದಲು ತೂಕ, ಆಮೇಲೆ ನೋಡುವುದು, ಆಮೇಲೆ ತೊಳೆಯುವುದು, ಆಮೇಲೆ ಡಾಕ್ಟರು. ಔಷಧಿ ಅದಾದ ಮೇಲೆ.

ಗಿನಿಪಿಗ್ ಕಣ್ಣು ಮಿಟುಕಿಸುವುದೇ ಅಪರೂಪ. ಕಣ್ಣುಗಳು ಮುಖದ ಎರಡೂ ಪಕ್ಕಕ್ಕೆ ಉಬ್ಬಿಕೊಂಡಿರುತ್ತವೆ. ದಿನವೆಲ್ಲ ಒಣಹುಲ್ಲಿನೊಳಗೆ ತಲೆ ತೂರಿಸಿಕೊಂಡೇ ಇರುವ ಪ್ರಾಣಿ ಅದು, ಚೂಪು ಕಡ್ಡಿ ಕಣ್ಣಿಗೆ ತಾಗದೆ ಇರುತ್ತದಾ? ಜೊತೆಗೆ ನೋವನ್ನು ಮುಚ್ಚಿಡುವ ಸ್ವಭಾವ ಬೇರೆ. ಬೆಳಿಗ್ಗೆ ಬರೀ ನೀರು ಸುರಿಯುತ್ತಿದ್ದ ಕಣ್ಣು ಸಂಜೆ ಹೊತ್ತಿಗೆ ಹಾಲಿನ ಬಣ್ಣಕ್ಕೆ ತಿರುಗುವುದುಂಟು.

ಈ ಲಕ್ಷಣ ಕಂಡರೆ ಉಳಿದದ್ದನ್ನು ಓದುತ್ತಾ ಕೂರಬೇಡಿ

- ಕಣ್ಣುಗುಡ್ಡೆ ಮುಂದಕ್ಕೆ ತಳ್ಳಿಕೊಂಡು ಬಂದಿದೆ. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಮೇಲಿಟ್ಟು, ಒಣಗದಂತೆ ನೋಡಿಕೊಂಡು, ಕೂಡಲೇ ಹೊರಡಿ. ಒಳಗೆ ಒತ್ತಬೇಡಿ.
- ಹುಲ್ಲಿನ ಕಡ್ಡಿ ಕಣ್ಣಿಗೆ ಚುಚ್ಚಿಕೊಂಡಿದೆ, ಅಲುಗಾಡುತ್ತಿಲ್ಲ. ಎಳೆಯಬೇಡಿ.
- ಕಣ್ಣಿನೊಳಗೆ ರಕ್ತ ಕಾಣುತ್ತಿದೆ, ಅಥವಾ ಕರಿಗುಡ್ಡೆಯ ಮೇಲೆ ಗುಳಿ ಬಿದ್ದಂತಿದೆ.
- ಕಣ್ಣಿನ ಜೊತೆ ಮೂಗಿನಿಂದಲೂ ಸುರಿಯುತ್ತಿದೆ, ಉಸಿರಾಡುವಾಗ ಸದ್ದು ಬರುತ್ತಿದೆ.
- ಅರ್ಧ ದಿನದಿಂದ ಏನೂ ತಿಂದಿಲ್ಲ. ಇದು ಕಣ್ಣಿಗಿಂತ ದೊಡ್ಡ ಅಪಾಯ. ಗಿನಿಪಿಗ್ ಹೊಟ್ಟೆಗೆ ಸದಾ ಏನಾದರೂ ಹೋಗುತ್ತಿರಬೇಕು, ಇಲ್ಲದಿದ್ದರೆ ಕರುಳು ಕೆಲಸ ನಿಲ್ಲಿಸುತ್ತದೆ.

ಹತ್ತಿರ ಇಟ್ಟುಕೊಳ್ಳಬೇಕಾದ್ದು

ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಟಾರ್ಚ್ ಇರುವ ಮೊಬೈಲ್. ಮೆಡಿಕಲ್ ಶಾಪಿನಲ್ಲಿ ಸಿಗುವ 0.9 ಶೇಕಡಾ ನಾರ್ಮಲ್ ಸಲೈನ್, 100 ಎಂಎಲ್ ಬಾಟಲಿ ಸಾಕು. ಸೂಜಿ ಇಲ್ಲದ 5 ಎಂಎಲ್ ಸಿರಿಂಜ್. ಗಾಜ್ ಬಟ್ಟೆ. ಎರಡು ಹಳೇ ಟವೆಲ್.

ಹತ್ತಿ ಬೇಡ, ಅದರ ಎಳೆ ಕಣ್ಣಿಗೆ ಅಂಟಿಕೊಳ್ಳುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣವೂ ಬೇಡ. ನೋಡೋಕೆ ಸಲೈನ್ ತರಾನೇ ಇದ್ದರೂ ಅದರಲ್ಲಿ ಕ್ರಿಮಿನಾಶಕ ಸೇರಿರುತ್ತದೆ. ಉಪ್ಪು ಹಾಕಿ ಮನೆಯಲ್ಲೇ ಸಲೈನ್ ಮಾಡಿಕೊಳ್ಳುವ ಉಳಿತಾಯವೂ ಬೇಡ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಗಾಯಗೊಂಡ ಕಣ್ಣು ಉರಿಯುತ್ತದೆ. ಒಮ್ಮೆ ತೆರೆದ ಸಲೈನ್ ಬಾಟಲಿಯನ್ನು ಮಾರನೇ ದಿನಕ್ಕೆ ಇಡಬೇಡಿ. ಅದು ಕೆಡದಂತೆ ತಡೆಯುವ ವಸ್ತು ಏನೂ ಅದರಲ್ಲಿ ಇರುವುದಿಲ್ಲ.

1. ಮೊದಲು ತೂಕ ಮಾಡಿ

ಕಣ್ಣು ನೋಡುವ ಮೊದಲು ತೂಕ ಯಾಕೆ ಅಂತ ಅನಿಸಬಹುದು. ಪ್ರಾಣಿ ತಿನ್ನುತ್ತಿದೆಯೋ ಇಲ್ಲವೋ ಅನ್ನುವುದಕ್ಕೆ ತಕ್ಕಡಿಯಷ್ಟು ನೇರವಾಗಿ ಬೇರೆ ಯಾವುದೂ ಉತ್ತರ ಹೇಳುವುದಿಲ್ಲ. ಹುಲ್ಲಿನ ಮುಂದೆ ಕೂತು ಬಾಯಿ ಆಡಿಸುತ್ತಿರುತ್ತದೆ, ಒಳಗೆ ಏನೂ ಹೋಗಿರುವುದಿಲ್ಲ.

ತಕ್ಕಡಿ ಮೇಲೆ ಒಂದು ಡಬ್ಬಿ ಇಟ್ಟು, ಸೊನ್ನೆ ಮಾಡಿ, ಒಳಗೆ ಕೂರಿಸಿ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ. ಹೋದ ವಾರದ ತೂಕಕ್ಕಿಂತ 50 ಗ್ರಾಂ ಇಳಿದಿದ್ದರೆ ಎಚ್ಚರ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ತೊಂದರೆ ಕಣ್ಣಿನಲ್ಲಿ ಮಾತ್ರ ಇಲ್ಲ ಅಂತಲೇ ಎಣಿಸಿ, ಹಲ್ಲನ್ನೂ ಪರೀಕ್ಷೆ ಮಾಡಿಸಿ. ಹಳೇ ತೂಕ ಬರೆದಿಟ್ಟಿಲ್ಲವೇ? ಇವತ್ತಿನದನ್ನು ಬರೆದು, ನಾಳೆ ಅದೇ ಹೊತ್ತಿಗೆ ಮತ್ತೆ ತೂಗಿ.

ಹಿಕ್ಕೆಯನ್ನೂ ನೋಡಿ. ಚಿಕ್ಕದಾಗಿ, ಒಣಗಿ, ಕಡಿಮೆಯಾಗಿದ್ದರೆ ಹೊಟ್ಟೆಗೆ ಹೋಗುತ್ತಿರುವುದೂ ಕಡಿಮೆ ಅಂತ ಅರ್ಥ.

2. ಹಿಡಿದು, ಎರಡೂ ಕಣ್ಣು ನೋಡಿ

ಮೇಲಿನಿಂದ ಕೈ ಹಾಕಿದರೆ ಹದ್ದು ಬಂತೆಂದು ಓಡುತ್ತದೆ. ಪಕ್ಕದಿಂದ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಎತ್ತಿ. ನೆಲದ ಮೇಲೆ ಕೂತು, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಇಟ್ಟುಕೊಂಡು ಟವೆಲ್ ಸುತ್ತಿ. ತಲೆ ಮಾತ್ರ ಹೊರಗಿರಲಿ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು, ಎದೆ ಒತ್ತಿ ಹಿಡಿಯುವುದು ಎರಡೂ ಬೇಡ. ಬಿಗಿ ಹಿಡಿತಕ್ಕೇ ಕಣ್ಣುಗುಡ್ಡೆ ಹೊರಬರುವ ಸಂಭವ ಇದೆ.

ಟಾರ್ಚ್ ಬೆಳಕು ಎದುರಿನಿಂದ ಬೇಡ, ಪಕ್ಕದಿಂದ ಓರೆಯಾಗಿ ಬರಲಿ. ಆರೋಗ್ಯವಾದ ಕಣ್ಣಿನ ಮೇಲೆ ಬೆಳಕು ಒಂದೇ ಚುಕ್ಕಿಯಾಗಿ, ಅಂಚು ಸ್ಪಷ್ಟವಾಗಿ ಹೊಳೆಯುತ್ತದೆ. ಆ ಚುಕ್ಕಿ ಒಡೆದಂತೆ ಅಥವಾ ಮಸುಕಾಗಿ ಕಂಡರೆ ಅಲ್ಲಿ ಮೇಲ್ಮೈ ಹಾಳಾಗಿದೆ. ಒಂದು ಕಣ್ಣನ್ನು ಇನ್ನೊಂದರ ಜೊತೆ ಹೋಲಿಸುತ್ತಲೇ ಇರಿ. ಎರಡರ ಫೋಟೊ, ಹತ್ತು ಸೆಕೆಂಡಿನ ವಿಡಿಯೊ ತೆಗೆದಿಡಿ. ನಾಳೆ "ನಿನ್ನೆಗಿಂತ ಪರವಾಗಿಲ್ವಾ?" ಅನ್ನುವ ಗೊಂದಲ ಬಂದಾಗ ನೆನಪನ್ನು ನಂಬಬೇಡಿ, ಫೋಟೊ ನೋಡಿ.

ಈಗ ಕಂಡದ್ದಕ್ಕೆ ಏನು ಅರ್ಥ ಅಂತ ನೋಡೋಣ.

ಎರಡೂ ಕಣ್ಣಿನಿಂದ ಹಾಲಿನಂಥ ಬಿಳಿ ದ್ರವ ಬಂತು, ಅದನ್ನು ಮುಂಗಾಲಿಗೆ ಹಚ್ಚಿಕೊಂಡು ಮುಖ ಉಜ್ಜಿಕೊಂಡಿತು, ಕೆಲವೇ ಕ್ಷಣದಲ್ಲಿ ಕಣ್ಣು ಮೊದಲಿನಂತಾಯಿತು. ಇದು ಕಾಯಿಲೆಯಲ್ಲ, ಗಿನಿಪಿಗ್ ಮುಖ ತೊಳೆಯುವ ರೀತಿಯೇ ಹೀಗೆ. ಹೊಸದಾಗಿ ಸಾಕಿದವರು ಇದನ್ನು ಕಂಡು ಗಾಬರಿಯಾಗಿ ಡ್ರಾಪ್ಸ್ ತರುತ್ತಾರೆ. ಬೇಕಿಲ್ಲ.

ಒಂದೇ ಕಣ್ಣು ಅರ್ಧ ಮುಚ್ಚಿದೆ, ನೀರು ಸುರಿದು ಕೆಳಗಿನ ಕೂದಲು ಒದ್ದೆಯಾಗಿದೆ, ಕರಿಗುಡ್ಡೆ ಮೇಲೆ ನೀಲಿ ಬೆರೆತ ಬಿಳುಪು. ಹೆಚ್ಚಾಗಿ ಇದು ಹುಲ್ಲು ಚುಚ್ಚಿ ಆದ ಗಾಯ, ಅಂದರೆ ಕಾರ್ನಿಯಾದ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ) ಹುಣ್ಣು. ಇವತ್ತೇ ತೋರಿಸಬೇಕು. ರೆಪ್ಪೆಯ ಒಳಗೆ, ಅದರಲ್ಲೂ ಮೂಲೆಯಲ್ಲಿ, ಹುಲ್ಲಿನ ಚೂರು ಇನ್ನೂ ಕೂತಿರಬಹುದು. ಒದ್ದೆಯಾದ ಹುಲ್ಲು ಕೂದಲಿನ ಬಣ್ಣಕ್ಕೇ ತಿರುಗಿರುತ್ತದೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಎರಡೂ ಕಣ್ಣು ಕೆಂಪಾಗಿ, ಹಳದಿ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿದ್ದರೆ ಸೋಂಕು ಇರಬಹುದು. ಬೋರ್ಡೆಟೆಲ್ಲಾ, ಸ್ಟ್ರೆಪ್ಟೊಕಾಕಸ್, ಕ್ಲಮೈಡಿಯಾ ಜಾತಿಯ ಬ್ಯಾಕ್ಟೀರಿಯಾಗಳು ಇದಕ್ಕೆ ಸಾಮಾನ್ಯ ಕಾರಣ. ಬೋರ್ಡೆಟೆಲ್ಲಾ ಹೊತ್ತ ನಾಯಿ, ಮೊಲಗಳು ನೋಡಲು ಆರೋಗ್ಯವಾಗಿಯೇ ಇರುತ್ತವೆ. ಅವುಗಳಿಂದ ಗಿನಿಪಿಗ್‌ಗೆ ಅಂಟಿದರೆ ನ್ಯುಮೋನಿಯಾವರೆಗೆ ಹೋಗಬಹುದು. ಮೊಲ ಮತ್ತು ಗಿನಿಪಿಗ್ಗನ್ನು ಒಂದೇ ಗೂಡಿನಲ್ಲಿ ಇಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಹೀಗಿದ್ದಾಗ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಕಣ್ಣಿನ ಸುತ್ತ ಒಣ ಹೊಪ್ಪಳೆ, ಕೂದಲು ಒರಟು, ನಡೆಯುವಾಗ ಕುಂಟುತ್ತದೆ, ಮುಟ್ಟಿದರೆ ಕೀರಲು ದನಿಯಲ್ಲಿ ಕೂಗುತ್ತದೆ. ಇಲ್ಲಿ ವಿಟಮಿನ್ ಸಿ ಕೊರತೆಯನ್ನು ಅನುಮಾನಿಸಿ. ನಮ್ಮ ಹಾಗೆಯೇ ಗಿನಿಪಿಗ್ ದೇಹವೂ ಅದನ್ನು ತಯಾರಿಸಿಕೊಳ್ಳಲಾರದು.

ಒಂದು ಕಣ್ಣು ನಿಧಾನವಾಗಿ, ವಾರಗಳ ಅವಧಿಯಲ್ಲಿ ಮುಂದೆ ಬಂದಂತೆ ಕಾಣುತ್ತಿದೆ, ಗದ್ದ ಒದ್ದೆಯಾಗಿದೆ, ಗಟ್ಟಿ ತರಕಾರಿ ಬಿಟ್ಟು ಮೆತ್ತಗಿನದನ್ನೇ ಆರಿಸಿ ತಿನ್ನುತ್ತಿದೆ. ಇದರ ಮೂಲ ಬಾಯಿಯಲ್ಲಿರುತ್ತದೆ. ಗಿನಿಪಿಗ್ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತವೆ. ಮೇಲಿನ ದವಡೆ ಹಲ್ಲಿನ ಬೇರು ಉದ್ದವಾದರೆ ಕಣ್ಣಿನ ಗೂಡನ್ನು ಒತ್ತುತ್ತದೆ, ಅಲ್ಲಿ ಕೀವು ಕಟ್ಟುವುದೂ ಉಂಟು. ಇಂಥದ್ದಕ್ಕೆ ಎಷ್ಟು ಡ್ರಾಪ್ಸ್ ಹಾಕಿದರೂ ದಂಡ. ಎಕ್ಸ್‌ರೇ ಬೇಕು.

ಕೆಳ ರೆಪ್ಪೆಯಿಂದ ಬಟಾಣಿ ಗಾತ್ರದ ಗುಲಾಬಿ ಗಂಟು ಇಣುಕುತ್ತಿದೆ, ಉಳಿದಂತೆ ಕಣ್ಣು ಸ್ವಚ್ಛ, ಪ್ರಾಣಿ ಚುರುಕಾಗಿದೆ. ಇದು ಸಾಮಾನ್ಯವಾಗಿ ನಿರುಪದ್ರವಿ, ದಪ್ಪಗಿರುವ ಗಿನಿಪಿಗ್‌ಗಳಲ್ಲೂ ಕಾಣುತ್ತದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ತೋರಿಸಿದರೆ ಸಾಕು.

ಬಿಳುಪು ಕಣ್ಣಿನ ಮೇಲೆ ಇಲ್ಲ, ಪಾಪೆಯ ಒಳಗಡೆ ಇದೆ, ನೋವಿನ ಲಕ್ಷಣ ಏನೂ ಇಲ್ಲ ಅಂದರೆ ಪೊರೆ ಬಂದಿರಬಹುದು. ಓರೆ ಬೆಳಕಿನಲ್ಲಿ ನೋಡಿದಾಗ ಮೇಲ್ಮೈ ನುಣುಪಾಗಿ ಹೊಳೆದು, ಬಿಳುಪು ಆಳದಲ್ಲಿ ಕಾಣುತ್ತದೆ. ಆತುರ ಇಲ್ಲ, ಆದರೆ ತೋರಿಸಿ.

ಆಗತಾನೇ ಹುಟ್ಟಿದ ಮರಿಯ ಕಣ್ಣಲ್ಲಿ ನೀರು ಬರುತ್ತಿದ್ದರೆ ರೆಪ್ಪೆಯ ಅಂಚನ್ನು ಗಮನಿಸಿ. ಗಿನಿಪಿಗ್ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ. ಕೆಲವು ಮರಿಗಳಲ್ಲಿ ರೆಪ್ಪೆ ಒಳಕ್ಕೆ ಮಡಚಿಕೊಂಡು ಕೂದಲು ಕಣ್ಣಿಗೆ ಉಜ್ಜುತ್ತಿರುತ್ತದೆ. ಹಲವು ಸಲ ಬೆಳೆಯುತ್ತಾ ಸರಿಹೋಗುತ್ತದೆ. ಅಲ್ಲಿಯವರೆಗೆ ಯಾವ ಮುಲಾಮಿನಿಂದ ಕಣ್ಣನ್ನು ಕಾಪಾಡಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು.

3. ಸಲೈನ್‌ನಿಂದ ತೊಳೆಯಿರಿ, ಅಷ್ಟೇ

ಮನೆಯಲ್ಲಿ ನೀವು ಧೈರ್ಯವಾಗಿ ಮಾಡಬಹುದಾದ ಚಿಕಿತ್ಸೆ ಇದೊಂದೇ. ಸಲೈನ್ ಫ್ರಿಜ್ಜಿನಿಂದ ತೆಗೆದದ್ದಾದರೆ ಬಾಟಲಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ತಣ್ಣಗಿನದು ಹೋಗಲಿ. ಸಿರಿಂಜಿಗೆ ತುಂಬಿ, ಮೂಗಿನ ಕಡೆಯ ಮೂಲೆಯಿಂದ ಹೊರಮೂಲೆಗೆ ಹರಿಯುವಂತೆ ನಿಧಾನವಾಗಿ ಬಿಡಿ. ನೇರವಾಗಿ ಕರಿಗುಡ್ಡೆಗೆ ಚಿಮ್ಮಿಸಬೇಡಿ. ಒಂದು ಕಣ್ಣಿಗೆ 5 ಎಂಎಲ್‌ವರೆಗೆ ಬಳಸಬಹುದು. ಗದ್ದದ ಕೆಳಗೆ ಇನ್ನೊಂದು ಟವೆಲ್ ಇರಲಿ, ಒದ್ದೆ ಎದೆಗೆ ಇಳಿದರೆ ಚಳಿಯಾಗುತ್ತದೆ.

ಒಣಗಿದ ಪಿಸುರನ್ನು ಉಗುರಿನಿಂದ ಕೀಳಬೇಡಿ. ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ತಾನೇ ಬಿಟ್ಟುಕೊಳ್ಳುತ್ತದೆ. ಒಂದು ಕಣ್ಣಿಗೆ ಬಳಸಿದ ತುಂಡು ಇನ್ನೊಂದಕ್ಕೆ ಬೇಡ.

ಸಡಿಲವಾಗಿರುವ ಹುಲ್ಲಿನ ಚೂರು ಈ ನೀರಿನ ಜೊತೆಗೇ ಹೊರಬರುತ್ತದೆ. ಎರಡು ಸಲ ತೊಳೆದರೂ ಬರದಿದ್ದರೆ ಚಿಮಟ, ಇಯರ್ ಬಡ್ ತರಬೇಡಿ. ಚೂರು ಹೊರಬಂತು ಅಂತ ಡಾಕ್ಟರ ಭೇಟಿ ಬಿಡಬೇಡಿ. ಅದು ಮಾಡಿದ ಗೀರು ಅಲ್ಲೇ ಉಳಿದಿರುತ್ತದೆ.

4. ಇವನ್ನು ಹಾಕಬೇಡಿ

ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ: ನಂದಿಬಟ್ಟಲು ಹೂವಿನ ನೀರು, ಒಂದು ತೊಟ್ಟು ಹರಳೆಣ್ಣೆ, ಎದೆಹಾಲು, ಜೇನು, ರೋಸ್ ವಾಟರ್. ಯಾವುದೂ ಬೇಡ. ಇವು ಕ್ರಿಮಿರಹಿತ ಅಲ್ಲ, ಹುಣ್ಣಿರುವ ಕಣ್ಣಿಗೆ ಬಿದ್ದರೆ ಸೋಂಕಿಗೆ ದಾರಿಯಾಗುತ್ತದೆ. ಅಜ್ಜಿಯ ಜೊತೆ ವಾದ ಮಾಡುವುದು ಕಷ್ಟ ಅನಿಸಿದರೆ, "ಡಾಕ್ಟರು ಏನೂ ಹಾಕಬೇಡಿ ಅಂದಿದ್ದಾರೆ" ಅಂದುಬಿಡಿ.

ಇದಕ್ಕಿಂತ ಅಪಾಯ ಸ್ಟೀರಾಯ್ಡ್ ಇರುವ ಡ್ರಾಪ್ಸ್. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್, ಫ್ಲೋರೋಮೆಥೋಲೋನ್ ಅಂತ ಇದ್ದರೆ ಕೆಳಗಿಡಿ. ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಬೆರೆಸಿದ ಬಾಟಲಿಗಳು ನಮ್ಮ ಮೆಡಿಕಲ್ ಶಾಪುಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಹಾಕಿದ ಮೊದಲ ದಿನ ಕೆಂಪು ಇಳಿದು "ವಾಸಿಯಾಯ್ತು" ಅನಿಸುತ್ತದೆ. ಒಳಗೆ ಹುಣ್ಣು ಮಾಯುವುದು ನಿಂತಿರುತ್ತದೆ, ಕಾರ್ನಿಯಾ ತೆಳುವಾಗಿ ತೂತು ಬೀಳುವವರೆಗೂ ಹೋಗಬಹುದು. ಆ ನಾಲ್ಕು ದಿನದ ಪ್ರಶ್ನೆಯ ಹಿಂದೆ ಎಷ್ಟೋ ಸಲ ಇರುವುದು ಇದೇ.

ಚರ್ಮಕ್ಕೆ ಹಚ್ಚುವ ಆಂಟಿಬಯಾಟಿಕ್ ಮುಲಾಮು, ಪುಡಿ ಕೂಡ ಕಣ್ಣಿನ ಹತ್ತಿರ ಬೇಡ. ಗಿನಿಪಿಗ್ ಮುಖ ಉಜ್ಜಿಕೊಂಡು ಕಾಲು ನೆಕ್ಕುತ್ತದೆ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಇನ್ನು ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಡಲೇಬಾರದು. ಅವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು, ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾ ಬೆಳೆಯಲು ಬಿಡುತ್ತವೆ. ಕಣ್ಣು ಉಳಿಸಲು ಹೋಗಿ ಪ್ರಾಣಿಯೇ ಹೋಗುತ್ತದೆ.

5. ಸರಿಯಾದ ಡಾಕ್ಟರು, ಸರಿಯಾದ ಪರೀಕ್ಷೆ

ಹೋಗುವ ಮೊದಲು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: "ಗಿನಿಪಿಗ್ ನೋಡ್ತೀರಾ?" "ಫ್ಲೋರೆಸೀನ್ ಸ್ಟೇನ್ ಪರೀಕ್ಷೆ ಮಾಡ್ತೀರಾ?" ಎರಡಕ್ಕೂ ಹೌದು ಅಂದರೆ ಹೋಗಿ. ದನ, ನಾಯಿ ನೋಡುವುದರಲ್ಲಿ ಒಳ್ಳೆಯ ಅನುಭವ ಇರುವವರಿಗೂ ಗಿನಿಪಿಗ್ ಹೊಸದಾಗಿರಬಹುದು. ದೊಡ್ಡ ಊರುಗಳಲ್ಲಿ ಎಕ್ಸಾಟಿಕ್ ಪ್ರಾಣಿ, ಅಂದರೆ ಮೊಲ, ಗಿನಿಪಿಗ್‌ನಂಥವನ್ನು ನೋಡುವ ಕ್ಲಿನಿಕ್ ಹುಡುಕಿ. ಹತ್ತಿರದಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಆ ಪರೀಕ್ಷೆ ಹೀಗೆ: ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಕಣ್ಣಿಗೆ ತಾಗಿಸಿ, ತೊಳೆದು, ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಗೀರು, ಹುಣ್ಣು ಇರುವ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ. ಕೆಲವೇ ನಿಮಿಷದ ಕೆಲಸ. ಆಮೇಲೆ ಮೂಗಿನ ಹೊಳ್ಳೆಯಲ್ಲಿ ಹಳದಿ ಹಸಿರು ಬಣ್ಣ ಕಂಡರೆ ಹೆದರಬೇಡಿ, ಕಣ್ಣೀರಿನ ನಾಳ ತೆರೆದಿದೆ ಅಂತ ಅದರ ಅರ್ಥ. ಸ್ಟೇನ್ ಹಾಕದೆ ಯಾರಾದರೂ ಸ್ಟೀರಾಯ್ಡ್ ಬರೆದುಕೊಟ್ಟರೆ, "ಹುಣ್ಣು ಇಲ್ಲ ಅಂತ ಖಾತ್ರಿ ಆಗಿದೆಯಾ ಸರ್?" ಅಂತ ಕೇಳಲು ಸಂಕೋಚ ಬೇಡ.

ಪರೀಕ್ಷೆಗೆ ಹಾಕುವ ಮರಗಟ್ಟಿಸುವ ಡ್ರಾಪ್ಸ್ ಮನೆಗೆ ಕೇಳಬೇಡಿ, ಪದೇ ಪದೇ ಹಾಕಿದರೆ ಗಾಯ ಮಾಯುವುದಿಲ್ಲ. ನೋವಿಗೆ ಬೇರೆ ಔಷಧಿ ಕೇಳಿ. ನೋವು ಇಳಿದರೆ ತಿನ್ನಲು ಶುರು ಮಾಡುತ್ತದೆ.

ಪ್ರಯಾಣಕ್ಕೆ ಚಿಕ್ಕ ಡಬ್ಬಿ, ಕೆಳಗೆ ಟವೆಲ್, ಒಂದು ಹಿಡಿ ಹುಲ್ಲು, ನೀರಿನ ಬದಲು ಸೌತೆಕಾಯಿ ತುಂಡು. ಬೇಸಿಗೆಯಲ್ಲಿ ಬೆಳಿಗ್ಗೆಯೇ ಹೋಗಿ, ಗಿನಿಪಿಗ್ ಸೆಕೆ ತಡೆಯುವುದಿಲ್ಲ. ಕಣ್ಣು ತೆಗೆಯುವ ಶಸ್ತ್ರಚಿಕಿತ್ಸೆಯ ಮಾತು ಬಂದರೆ, "ಹಿಂದಿನ ರಾತ್ರಿಯಿಂದ ಉಪವಾಸ ಇಡಿ" ಅನ್ನುವ ಸೂಚನೆಯನ್ನು ಪ್ರಶ್ನಿಸಿ. ಗಿನಿಪಿಗ್ ವಾಂತಿ ಮಾಡಲಾರದು, ಉಪವಾಸ ಅದಕ್ಕೆ ಕೆಟ್ಟದ್ದೇ.

6. ಡ್ರಾಪ್ಸ್ ಹಾಕುವ ರೀತಿ

ಕೈ ತೊಳೆಯಿರಿ. ಟವೆಲ್ ಸುತ್ತಿ. ಬಾಟಲಿಯನ್ನು ಮೂಗಿನ ಮುಂದಿನಿಂದ ತರಬೇಡಿ, ತಲೆಯ ಹಿಂದಿನಿಂದ ತನ್ನಿ. ಕೆಳ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, ಅಲ್ಲಾಗುವ ಸಣ್ಣ ಜೋಳಿಗೆಗೆ ಒಂದೇ ಹನಿ ಬಿಡಿ. ಎರಡನೇ ಹನಿ ಹಿಡಿಯುವುದಿಲ್ಲ, ಕೂದಲಿಗೆ ಇಳಿಯುತ್ತದೆ ಅಷ್ಟೇ. ಬಾಟಲಿಯ ತುದಿ ರೆಪ್ಪೆಗೂ ಕೂದಲಿಗೂ ತಾಗಬಾರದು. ಅರ್ಧ ನಿಮಿಷ ಹಿಡಿದುಕೊಂಡಿರಿ, ತಕ್ಷಣ ಬಿಟ್ಟರೆ ಉಜ್ಜಿಕೊಂಡುಬಿಡುತ್ತದೆ.

ಎರಡು ಔಷಧಿ ಇದ್ದರೆ ಮೊದಲು ಡ್ರಾಪ್ಸ್, ಐದು ಹತ್ತು ನಿಮಿಷ ಬಿಟ್ಟು ಮುಲಾಮು. ಮುಲಾಮು ಮೊದಲು ಬಿದ್ದರೆ ಡ್ರಾಪ್ಸ್ ಒಳಗೆ ಇಳಿಯುವುದಿಲ್ಲ. ಆರು ಗಂಟೆಗೊಮ್ಮೆ ಅಂದಿದ್ದರೆ ರಾತ್ರಿಯದ್ದೂ ಲೆಕ್ಕವೇ. ಮೊಬೈಲಿನಲ್ಲಿ ಅಲಾರಂ ಇಡಿ. ಒಮ್ಮೆ ಹಾಕಲು ಮರೆತರೆ ಮುಂದಿನ ಸಲ ಎರಡರಷ್ಟು ಹಾಕಬೇಡಿ.

ಮುಗಿದ ಕೂಡಲೇ ಕೊತ್ತಂಬರಿಯ ಒಂದು ಎಸಳು ಕೊಡಿ. ಮೂರನೇ ದಿನದ ಹೊತ್ತಿಗೆ ಟವೆಲ್ ಕಂಡರೆ ಓಡುವುದು ಕಡಿಮೆಯಾಗಿರುತ್ತದೆ, ತಿಂಡಿಯ ಆಸೆಗಾದರೂ.

ಕಣ್ಣು ಚೆನ್ನಾಗಿ ಕಾಣುತ್ತಿದೆ ಅಂತ ನೀವೇ ನಿಲ್ಲಿಸಬೇಡಿ. ಸಣ್ಣ ಹುಣ್ಣು ಸಾಮಾನ್ಯವಾಗಿ ಒಂದು ವಾರದೊಳಗೆ ಮಾಯುತ್ತದೆ. ಮಾಯಿತೆಂದು ಹೇಳಬೇಕಾದ್ದು ಎರಡನೇ ಸ್ಟೇನ್ ಪರೀಕ್ಷೆ. ಎರಡು ಮೂರು ದಿನದಲ್ಲಿ ಬಿಳುಪು ಹರಡಿದರೆ, ಹಸಿರು ಹಳದಿ ಕೀವು ಬಂದರೆ, ಕಣ್ಣು ಮೊದಲಿಗಿಂತ ಬಿಗಿಯಾಗಿ ಮುಚ್ಚಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಇನ್ನೊಂದು ಕಡೆ, ಕರಿಗುಡ್ಡೆಯ ಅಂಚಿನಿಂದ ಗಾಯದ ಕಡೆಗೆ ತೆಳ್ಳನೆ ಕೆಂಪು ರಕ್ತನಾಳ ಬೆಳೆಯುವುದು ಎಷ್ಟೋ ಸಲ ಮಾಯುತ್ತಿರುವ ಗುರುತು. ಅದರ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿ.

7. ಊಟ, ಜೊತೆಗಾರ, ಗೂಡು

ದಿನಕ್ಕೊಮ್ಮೆ ಅದೇ ಹೊತ್ತಿಗೆ ತೂಕ. ತಿನ್ನುವುದು ಕಡಿಮೆಯಾದರೆ ಪೆಲೆಟ್ಟನ್ನು (ಗುಳಿಗೆಯಂಥ ಒಣ ಆಹಾರ) ಬಿಸಿನೀರಿನಲ್ಲಿ ನೆನೆಸಿ, ಆರಿಸಿ, ನುಣ್ಣಗೆ ಕಲಸಿ ಸಿರಿಂಜಿನಿಂದ ಕೊಡಬಹುದು. ಬಾಯಿಯ ಪಕ್ಕದಿಂದ, ಅರ್ಧ ಎಂಎಲ್‌ನಂತೆ, ನುಂಗಿದ ಮೇಲೆ ಮುಂದಿನದು. ಅಂಗಾತ ಮಲಗಿಸಿ ಕೊಡಬೇಡಿ. ಹೊಟ್ಟೆ ಉಬ್ಬಿ ಡೋಲಿನಂತೆ ಬಿಗಿಯಾಗಿದ್ದರೆ ತಿನ್ನಿಸದೆ ಡಾಕ್ಟರಿಗೆ ಫೋನ್ ಮಾಡಿ.

ಒಂದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು, ಕಾಯಿಲೆ ಇದ್ದಾಗ ಮೇಲಿನ ಅಂಕಿ. 100 ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಜಾಸ್ತಿ ಇರುತ್ತದೆ, ಹಾಗಾಗಿ ತೆಳುವಾದ ಒಂದು ಹೋಳು ದೊಡ್ಡ ಪಾಲು ಪೂರೈಸುತ್ತದೆ. ದೊಣ್ಣೆಮೆಣಸಿನಕಾಯಿಯೂ ಒಳ್ಳೆಯದು. ಸೌತೆಕಾಯಿಯಲ್ಲಿ ಏನೂ ಇಲ್ಲವೆಂದೇ ಹೇಳಬಹುದು. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕುವುದು ದಂಡ, ಬೆಳಕಿಗೆ ಕೆಡುತ್ತದೆ, ರುಚಿ ಬದಲಾಗಿ ನೀರು ಕುಡಿಯುವುದೂ ಕಡಿಮೆಯಾಗುತ್ತದೆ.

ಸೋಂಕು ಅಂತಾದರೆ ಜೊತೆಗಾರನನ್ನು ಬೇರೆ ಇಡಿ. ಬರೀ ಹುಲ್ಲು ಚುಚ್ಚಿದ ಗಾಯವಾದರೆ ಒಟ್ಟಿಗೇ ಇರಲಿ. ಒಂಟಿಯಾದ ಗಿನಿಪಿಗ್ ಊಟ ಬಿಡಬಹುದು.

ಇನ್ನು ಗೂಡು. ಕಣ್ಣಿನ ಮಟ್ಟದಲ್ಲಿ ತೂಗುವ ಹುಲ್ಲಿನ ಬುಟ್ಟಿ ತೆಗೆದು, ಹುಲ್ಲನ್ನು ನೆಲದ ಮೇಲೆ ಹರವಿ. ಹಾಕುವ ಮೊದಲು ಗಟ್ಟಿ ಕಡ್ಡಿ, ತೆನೆಯ ಮುಳ್ಳು ಆರಿಸಿ ತೆಗೆಯಿರಿ. ಭತ್ತದ ಹುಲ್ಲು ಒರಟು, ಅದನ್ನು ಹಾಸಿದ ಗೂಡಿನಲ್ಲಿ ಕಣ್ಣಿನ ಗಾಯ ತಪ್ಪಿದ್ದಲ್ಲ. ಮರ ಕೊಯ್ಯುವ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ, ಆದರೆ ಅದರ ಪುಡಿಯೆಲ್ಲ ಕಣ್ಣಿಗೇ. ಫ್ಲೀಸ್ ಬಟ್ಟೆ ಹಾಸಿ, ಒದ್ದೆ ಜಾಗವನ್ನು ದಿನಾ ಬದಲಾಯಿಸಿ. ಗೂಡಿನ ಮಟ್ಟಕ್ಕೆ ಮೂಗು ತಂದು ನೋಡಿ. ನಿಮಗೇ ಮೂತ್ರದ ಘಾಟು ಹೊಡೆದರೆ ದಿನವಿಡೀ ಅಲ್ಲೇ ಇರುವ ಕಣ್ಣಿಗೆ ಹೇಗಿರಬೇಡ? ಊದುಬತ್ತಿ, ಲೋಬಾನ, ಸೊಳ್ಳೆ ಬತ್ತಿಯ ಹೊಗೆ ಬರುವ ಕೋಣೆಯಿಂದ ಗೂಡನ್ನು ದೂರ ಇಡಿ.

ದೃಷ್ಟಿ ಹೋದರೂ ಗಿನಿಪಿಗ್ ಚೆನ್ನಾಗಿ ಬದುಕುತ್ತದೆ, ವಾಸನೆ ಮತ್ತು ಮೀಸೆಯ ಸ್ಪರ್ಶದಿಂದಲೇ ದಾರಿ ಕಂಡುಕೊಳ್ಳುತ್ತದೆ. ಅಂಥದ್ದನ್ನು ಸಾಕುವಾಗ ಊಟದ ಬಟ್ಟಲು, ನೀರಿನ ಬಾಟಲಿ, ಅಡಗುವ ಪೆಟ್ಟಿಗೆಗಳ ಜಾಗ ಬದಲಾಯಿಸಬೇಡಿ. ಎತ್ತಿಕೊಳ್ಳುವ ಮೊದಲು ಹೆಸರು ಹಿಡಿದು ಕರೆಯಿರಿ.